ಇಂಜಿನ್ ಬಿಚ್ಚಿಲ್ಲ

ನಮ್ಮ ಕಡೆ ಹಳೇ ಲಾರಿ ಮಾರುವವನು ಮೊದಲು ಹೇಳುವುದು ಟೈರಿನ ಮಾತಲ್ಲ, ಬಾಡಿಯ ಮಾತಲ್ಲ, ಪೇಪರಿನ ಮಾತೂ ಅಲ್ಲ. "ಇಂಜಿನ್ ಬಿಚ್ಚಿಲ್ಲ" ಅನ್ನುವ ಮಾತು. ಕಂಪನಿಯಿಂದ ಬಂದ ಹಾಗೇ ಇದೆ, ಯಾರೂ ಕೈ ಇಟ್ಟಿಲ್ಲ ಅಂತ ಎದೆ ಉಬ್ಬಿಸಿ ಹೇಳುತ್ತಾನೆ. ಕೊಳ್ಳುವವನೂ ಅಂಥವನೇ. ಟಾರ್ಚ್ ಹಾಕಿ ಬಗ್ಗಿ ನೋಡುತ್ತಾನೆ, ಬೋಲ್ಟಿನ ತಲೆ ಮೇಲೆ ಸ್ಪ್ಯಾನರಿನ ಗೀರು ಬಿದ್ದಿದೆಯಾ, ಇಂಜಿನ್ ಕವರಿನ ಅಂಚಲ್ಲಿ ಹೊಸದಾಗಿ ಅಂಟಿಸಿದ ಗಮ್ ಕಾಣುತ್ತಾ ಅಂತ. ಕಂಡರೆ ಮುಗೀತು, ಮುಖ ಸಿಂಡರಿಸಿಕೊಂಡು ಹೊರಟ. ಯಾಕೆ ಬಿಚ್ಚಿದ್ದರು, ಬಿಚ್ಚಿ ಏನು ಒಳ್ಳೇದು ಮಾಡಿದ್ದರು ಅಂತ ಒಬ್ಬನಾದರೂ ಕೇಳಿದ್ದನ್ನು ನಾನು ನೋಡಿಲ್ಲ.

ನೋಡದೇ ಇರೋಕೆ ನಾನೇನು ಮನೆಯಲ್ಲಿ ಕೂತವಳಲ್ಲ. ಮಾಚೇನಹಳ್ಳಿಯಲ್ಲಿ ನನ್ನದೊಂದು ಶೆಡ್ಡಿದೆ. ಲಾರಿಗಳ ಟಾರ್ಪಾಲ್ ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಡ್ರೈವರ್ ಸೀಟಿಗೆ ರೆಕ್ಸಿನ್ ಹೊದಿಸುವುದು ನನ್ನ ಕಸುಬು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಅರ್ಧ ಲಾರಿಗಳ ಸೀಟು ನನ್ನ ಕೈಯಲ್ಲಿ ಹೊಲಿಸಿಕೊಂಡಿವೆ ಅಂದರೆ ಸುಳ್ಳಲ್ಲ. ನನ್ನ ಗಂಡ ಲಾರಿ ಡ್ರೈವರ್. ಅವರು ಓಡಿಸುತ್ತಿದ್ದ ಲಾರಿ ನನ್ನ ಅಣ್ಣನದು. ಅಣ್ಣನ ಹತ್ತಿರ ಒಂದೇ ಮಾಡೆಲ್ಲಿನ ಎರಡು ಲಾರಿ ಇದ್ದವು, ಒಂದನ್ನು ಇವರು ಓಡಿಸುತ್ತಿದ್ದರು, ಇನ್ನೊಂದಕ್ಕೆ ಸಂಬಳದ ಡ್ರೈವರ್. ಎರಡೂ ಹಳೇ ಕಾಲದ ಗಟ್ಟಿ ಇಂಜಿನ್. ಎರಡನ್ನೂ ಬಿಚ್ಚಿರಲಿಲ್ಲ. ಅದೇ ಅಣ್ಣನ ಹೆಮ್ಮೆ.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತೆ ಅಂತ ನಮ್ಮಮ್ಮ ಸಾಯುವವರೆಗೂ ಬೈಯುತ್ತಿದ್ದಳು. ಇರಲಿ. ಆದರೆ ಈಗ ಹೇಳುವ ವಿಷಯಕ್ಕೆ ಕೋಪ ಬರದೇ ಇದ್ದರೆ ಅವರ ಮೂಗೇ ಸರಿ ಇಲ್ಲ ಅಂತ ನನ್ನ ಲೆಕ್ಕ. ಯಾರ ಹೆಸರೂ ಹಾಕುವುದಿಲ್ಲ. ಅದಕ್ಕೆ ಕಾರಣ ಓದಿದವರಿಗೆ ಗೊತ್ತಾಗುತ್ತೆ.

ಆವತ್ತು ಇವರು ಕುಂದಾಪುರದಿಂದ ಹಂಚು ತುಂಬಿಕೊಂಡು ಹುಲಿಕಲ್ ಘಾಟಿ ಹತ್ತುತ್ತಿದ್ದರು. ತಿರುವು ಮುಗಿದು ಗಾಡಿ ನೇರ ಆಗುವಷ್ಟರಲ್ಲಿ ಇಂಜಿನ್ನಿನ ಮುಂಭಾಗದಿಂದ ಕಟಕಟ ಅಂತ ಸದ್ದು. ಏನು ಅಂತ ಯೋಚಿಸುವುದರೊಳಗೆ ಫಟ್ ಅಂತ ಏನೋ ಒಡೆಯಿತು, ಇಂಜಿನ್ ನಿಂತೇಹೋಯಿತು. ತುಂಬಿದ ಲಾರಿ, ಹಿಂದೆ ಇಳಿಜಾರು, ಅದರ ಹಿಂದೆ ಒಂದು ಬಸ್ಸು. ಇವರು ಗೇರಿನಲ್ಲೇ ಹಿಡಿದು, ಏರ್ ಬ್ರೇಕಿನಲ್ಲಿ ಉಳಿದಿದ್ದ ಗಾಳಿಯಲ್ಲೇ ಗಾಡಿಯನ್ನು ಬೆಟ್ಟದ ಕಡೆಯ ಚರಂಡಿಗೆ ಒರಗಿಸಿ, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಒಂದು ಹಂಚೂ ಒಡೆಯಲಿಲ್ಲ. ಬಸ್ಸಿನ ಕಂಡಕ್ಟರ್ ಇಳಿದು ಬಂದು ಇವರ ಕೈ ಹಿಡಿದುಕೊಂಡನಂತೆ. ಅಷ್ಟು ಜನರನ್ನು ಉಳಿಸಿದ ಕೈ ಅದು.

ಗಾಡಿಯನ್ನು ಎಳೆಸಿಕೊಂಡು ಮಾಚೇನಹಳ್ಳಿಗೆ ತಂದರು. ನನ್ನ ಶೆಡ್ಡಿನ ಪಕ್ಕದ್ದೇ ಮೆಕ್ಯಾನಿಕ್ಕಿನ ಶೆಡ್ಡು. ಅವನನ್ನು ನಾನು ಭಾಯ್ ಅನ್ನುತ್ತೇನೆ, ಅವನು ನನ್ನನ್ನು ಅಕ್ಕಾ ಅನ್ನುತ್ತಾನೆ. ಕೆಲಸ ಒಳ್ಳೇದು, ಬಾಯಿ ಅದಕ್ಕಿಂತ ಜಾಸ್ತಿ. ಸದ್ದು ಕೇಳಿಯೇ ಕಾಯಿಲೆ ಹೇಳುತ್ತೀನಿ ಅಂತ ಕೊಚ್ಚಿಕೊಳ್ಳುವವನು. ಆವತ್ತು ಸದ್ದೂ ಇರಲಿಲ್ಲ, ಇಂಜಿನ್ ಸತ್ತಿತ್ತು. ಆಯಿಲ್ ನೋಡುವ ಕಡ್ಡಿ ಎಳೆದ. ಒಣಗಿತ್ತು. "ಆಯಿಲ್ ಇಲ್ಲದೆ ಓಡಿಸಿದಾರೆ, ಜಾಮ್ ಆಗಿದೆ" ಅಂದುಬಿಟ್ಟ. ಪಕ್ಕದಲ್ಲೇ ನಿಂತಿದ್ದ ಅಣ್ಣನಿಗೆ ಅಷ್ಟು ಸಾಕಾಯಿತು.

"ಬೆಳಿಗ್ಗೆ ನೋಡೇ ಹೊರಟಿದ್ದು ಭಾವ, ಸರಿಯಾಗಿತ್ತು. ಒಡೆದ ಸದ್ದಾದಮೇಲೇ ಆಯಿಲ್ ರಸ್ತೆಗೆ ಸುರಿದಿದ್ದು" ಅಂದರು ಇವರು.

"ಯಾವ ಡ್ರೈವರ್ ತಾನೆ ನೋಡಿರಲಿಲ್ಲ ಅಂತಾನೆ?" ಅಂದ ಅಣ್ಣ.

ಲಾರಿಯವರ ಲೋಕದಲ್ಲಿ ಇದೊಂದು ನ್ಯಾಯ. ಗಾಡಿ ಓಡಿದರೆ ಓನರಿನ ಅದೃಷ್ಟ, ನಿಂತರೆ ಡ್ರೈವರಿನ ತಪ್ಪು. ಸಂಜೆಯೊಳಗೆ ಭದ್ರಾವತಿ ಲಾರಿ ಸ್ಟ್ಯಾಂಡಿನವರೆಗೂ ಸುದ್ದಿ ಮುಟ್ಟಿತು, ಇವರು ಆಯಿಲ್ ನೋಡದೆ ಇಂಜಿನ್ ಸುಟ್ಟರು ಅಂತ. ಮುಟ್ಟಿಸಿದವನು ನನ್ನ ಸ್ವಂತ ಅಣ್ಣನೇ. ಅಲ್ಲಿಂದ ಇವರಿಗೆ ಸ್ಟೇರಿಂಗ್ ಕೊಡುವವರು ಇಲ್ಲವಾದರು. ಒಬ್ಬರು ಹೇಳಿ ಕಳಿಸುತ್ತೀವಿ ಅಂದರು, ಇನ್ನೊಬ್ಬರು ಈಗ ಗಾಡಿ ಖಾಲಿ ಇಲ್ಲ ಅಂದರು. ಖಾಲಿ ಇದ್ದ ಗಾಡಿ ನಮ್ಮ ಕಣ್ಣೆದುರೇ ನಿಂತಿರುತ್ತಿತ್ತು. ಇವರು ನನ್ನ ಶೆಡ್ಡಿಗೆ ಬಂದು ಟಾರ್ಪಾಲಿನ ಅಂಚಿಗೆ ರಿಂಗ್ ಹೊಡೆಯುತ್ತಾ ಕೂರಲು ಶುರು ಮಾಡಿದರು. ರಸ್ತೆಯಲ್ಲಿ ಲಾರಿ ಹೋದರೆ ತಲೆ ಎತ್ತುತ್ತಿರಲಿಲ್ಲ. ಅದನ್ನು ನೋಡುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು, ಈಗ ಬರೆಯುವಾಗಲೂ ಉರಿಯುತ್ತೆ.

ಸತ್ತ ಇಂಜಿನ್ನನ್ನು ಭಾಯ್ ಬಿಚ್ಚಿದ್ದು ಆಮೇಲೆ, ಯಾವ ಸಾಮಾನು ಉಳಿದಿದೆ ಅಂತ ನೋಡಲು. ಮಧ್ಯಾಹ್ನ ನಾನು ಮಿಷನ್ ತುಳಿಯುತ್ತಿದ್ದೆ. "ಅಕ್ಕಾ, ಭಾಯಿಜಾನ್‌ನೂ ಕರ್ಕೊಂಡು ಬನ್ನಿ" ಅಂತ ಕೂಗಿದ. ಇವರನ್ನು ಅವನು ಕರೆಯುವುದು ಭಾಯಿಜಾನ್ ಅಂತ. ಇಬ್ಬರೂ ಹೋದೆವು. ಅವನ ಅಂಗೈಯಲ್ಲಿ ಒಂದು ಉಕ್ಕಿನ ತುಂಡಿತ್ತು, ಪೆನ್ಸಿಲ್ಲಿನಷ್ಟು ದಪ್ಪ, ಕಿರುಬೆರಳಿಗಿಂತ ಚಿಕ್ಕದು. ಮೈ ತುಂಬ ಹಲ್ಲಿನ ಕಚ್ಚು.

"ಇದಕ್ಕೆ ಡೋವೆಲ್ ಪಿನ್ ಅಂತಾರೆ. ಮುಂದುಗಡೆ ಹಲ್ಲುಚಕ್ರ ಇರೋ ಪೆಟ್ಟಿಗೆನ ಇಂಜಿನ್‌ಗೆ ಕೂರಿಸೋವಾಗ ತೂತಿಗೆ ತೂತು ಸರಿ ಬರಲಿ ಅಂತ ಇದನ್ನ ಹೊಡೀತಾರೆ. ಬೋಲ್ಟ್ ಬಿಗಿದಮೇಲೆ ಇದಕ್ಕೆ ಕೆಲಸನೇ ಇಲ್ಲ. ಸುಮ್ನೆ ತೂತಲ್ಲಿ ಕೂತಿರುತ್ತೆ, ಬಿಗಿಯಾಗಿ, ಅಷ್ಟೇ. ಹಿಡ್ಕೊಳ್ಳೋಕೆ ಬೇರೆ ಏನೂ ಇಲ್ಲ" ಅಂದ ಭಾಯ್.

ವರ್ಷಗಟ್ಟಲೆ ಇಂಜಿನ್ ಅದುರಿ ಅದುರಿ, ಆ ಪಿನ್ನು ಸಡಿಲಾಗಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೊರಗೆ ಬರುತ್ತಂತೆ. ಬಂದು ಬೀಳುವುದೆಲ್ಲಿಗೆ? ಅದರ ಎದುರಿಗೇ ತಿರುಗುವ ಹಲ್ಲುಚಕ್ರಗಳು. ರುಬ್ಬುವ ಗ್ರೈಂಡರಿಗೆ ಕಲ್ಲು ಬಿದ್ದ ಹಾಗೆ. ಹಲ್ಲು ಮುರಿದು, ಪೆಟ್ಟಿಗೆ ಸೀಳಿ, ಆಯಿಲ್ಲೆಲ್ಲ ಸೀಳಿನಿಂದ ಹೊರಗೆ. ಆಯಿಲ್ ಇಲ್ಲದೆ ಇಂಜಿನ್ ಒಡೆದದ್ದಲ್ಲ, ಇಂಜಿನ್ ಒಡೆದು ಆಯಿಲ್ ಹೋದದ್ದು. ಇವರು ಮೊದಲ ದಿನ ಹೇಳಿದ್ದೂ ಅದನ್ನೇ.

"ನಾನೂ ಆವತ್ತು ಬಾಯಿಗೆ ಬಂದಿದ್ದು ಅಂದ್ಬಿಟ್ಟೆ" ಅಂದ ಭಾಯ್. ಅವನಿಗೆ ನಾನು ಬೈದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅವನು ತಲೆ ತಗ್ಗಿಸಿಕೊಂಡು ಬೈಸಿಕೊಂಡ, ಅದನ್ನಂತೂ ಒಪ್ಪಬೇಕು. ಇವರು ಮಾತ್ರ ಆ ಪಿನ್ನನ್ನು ಬೆರಳಲ್ಲಿ ಉರುಳಿಸಿ ನೋಡುತ್ತಿದ್ದರು. ಆಮೇಲೆ, "ಭಾವನ ಇನ್ನೊಂದು ಗಾಡೀಲೂ ಇದು ಇರುತ್ತಲ್ಲ?" ಅಂದರು.

ಅದೇ ನೋಡಿ. ನಾನು ಗಂಡನ ಮಾನದ ಬಗ್ಗೆ ಯೋಚಿಸುತ್ತಿದ್ದರೆ ಅವರು ಇನ್ನೊಬ್ಬ ಡ್ರೈವರಿನ ಪ್ರಾಣದ ಬಗ್ಗೆ ಯೋಚಿಸುತ್ತಿದ್ದರು.

ಇರುತ್ತೆ, ಅದೇ ಇಂಜಿನ್, ಅದೇ ಪಿನ್ನು ಅಂದ ಭಾಯ್. ಆದರೆ ಬೀಳುವ ಮೊದಲೇ ನೋಡಿದರೆ ಇದೊಂದು ಕೆಲಸವೇ ಅಲ್ಲವಂತೆ. ಫ್ಯಾನು, ಬೆಲ್ಟು, ಮುಂದಿನ ಪುಲ್ಲಿ ಬಿಚ್ಚಿ, ಕವರ್ ತೆಗೆದು, ಪಿನ್ನನ್ನು ಒಳಗೆ ತಟ್ಟಿ, ಪಕ್ಕದ ಬೋಲ್ಟಿನ ಕೆಳಗೆ ಒಂದು ಚೂರು ಕಬ್ಬಿಣದ ಪಟ್ಟಿ ಕೊಟ್ಟು ತೂತಿನ ಬಾಯಿ ಮುಚ್ಚಿದರೆ ಆಯಿತು. ಮತ್ತೆ ಆ ಪಿನ್ನು ಜನ್ಮದಲ್ಲಿ ಹೊರಗೆ ಬರುವುದಿಲ್ಲ. ಒಂದು ದಿನದ ಕೆಲಸ.

ನಾನು ಆ ಪಿನ್ನು ಹಿಡಿದುಕೊಂಡು ಶಿವಮೊಗ್ಗದ ವಿನೋಬನಗರದಲ್ಲಿರುವ ಅಣ್ಣನ ಮನೆಗೆ ಹೋದೆ. ಎಲ್ಲ ಹೇಳಿದೆ. ನನ್ನ ಗಂಡನ ತಪ್ಪಿಲ್ಲ ಅಂತ ನಾಲ್ಕು ಜನರಿಗೆ ಹೇಳು, ಆ ಇನ್ನೊಂದು ಗಾಡಿಯನ್ನು ನಾಳೆಯೇ ತಂದು ನಿಲ್ಲಿಸು ಅಂದೆ. ಅಣ್ಣ ಪಿನ್ನನ್ನು ಮೇಜಿನ ಮೇಲಿಟ್ಟು ನಕ್ಕ.

"ಇಷ್ಟುದ್ದ ಕಡ್ಡಿಗೆ ಅಷ್ಟು ದೊಡ್ಡ ಇಂಜಿನ್ ಮುರಿಯುತ್ತೇನಮ್ಮ? ಆ ಭಾಯ್ ನಿನ್ನ ಪಕ್ಕದ ಶೆಡ್ಡಿನವನು. ಮೊದಲ ದಿನ ಒಂದು ಹೇಳ್ದ, ಈಗ ನಿನ್ನ ಮುಖ ನೋಡಿ ಇನ್ನೊಂದು ಹೇಳ್ತಾನೆ."

"ಹೋಗ್ಲಿ, ನಂಬಬೇಡ. ಆ ಗಾಡೀದು ಕವರ್ ತೆಗೆದು ನೋಡು. ಪಿನ್ ಗಟ್ಟಿಯಾಗಿದ್ರೆ ನಾನು ಬಾಯಿ ಮುಚ್ಕೋತೀನಿ."

"ತಲೆ ಕೆಟ್ಟಿದೆಯಾ ನಿಂಗೆ? ಬಿಚ್ಚಿದ ಇಂಜಿನ್ನನ್ನ ಯಾರು ತಗೋತಾರೆ?"

ಅಲ್ಲಿಗೆ ಬಂತು. ನಾನು ಪ್ರಾಣದ ಮಾತಾಡಿದರೆ ಅವನು ಮಾರುವ ಮಾತಾಡಿದ. ಮತ್ತೆ ಅವನು ಊರಿಗೆಲ್ಲ ಹೇಳಿದ ಮಾತನ್ನು ವಾಪಸ್ ತಗೊಳ್ಳುವುದು ಅವನ ಜಾಯಮಾನದಲ್ಲೇ ಇಲ್ಲ. ನಾನೂ ಬಿಡಲಿಲ್ಲ, ಹೋದಾಗಲೆಲ್ಲ ಅದನ್ನೇ ಎತ್ತಿದೆ. ಅತ್ತಿಗೆ ನನ್ನನ್ನು ನೋಡಿದರೆ ಅಡುಗೆಮನೆಗೆ ಹೋಗುವಷ್ಟು ಎತ್ತಿದೆ. ಅದರಿಂದ ಆದದ್ದು ಇಷ್ಟು, ನನ್ನ ಕಾಟ ತಡೆಯಲಾರದೆ ಅಣ್ಣ ಆ ಗಾಡಿಯನ್ನೇ ಮಾರಿಬಿಟ್ಟ. ಭದ್ರಾವತಿಯ ಒಬ್ಬರಿಗೆ. ಏನಂತ ಹೇಳಿ ಮಾರಿದ ಅಂತ ಬರೆಯುವ ಅಗತ್ಯ ಇಲ್ಲ.

ಕೊಂಡವರ ಮನೆ ಹುಡುಕಿಕೊಂಡು ನಾನು ಭದ್ರಾವತಿಗೆ ಹೋದೆ. ಒಳ್ಳೆಯವರೇ, ಕೂರಿಸಿ ಕಾಫಿ ಕೊಟ್ಟರು. ಎಲ್ಲವನ್ನೂ ಕೇಳಿಸಿಕೊಂಡು, "ಅಮ್ಮಾ, ಅಣ್ಣ ತಂಗಿ ಅಂದ್ಮೇಲೆ ಏನಾದ್ರೂ ಮನಸ್ತಾಪ ಇರುತ್ತೆ. ಅದನ್ನ ನನ್ನ ಗಾಡಿ ಮೇಲೆ ತರಬೇಡಿ" ಅಂದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಅವರು ತಿಳಿದುಕೊಂಡರು. ಇಂಜಿನ್ ಬಿಚ್ಚಿಲ್ಲ ಅಂತಲೇ ತಾನು ತಗೊಂಡದ್ದು, ಈಗ ತಾನೇ ಬಿಚ್ಚಿಸಿದರೆ ನಾಳೆ ತಾನು ಯಾರಿಗೆ ಮಾರುವುದು ಅಂತ ನನ್ನನ್ನೇ ಕೇಳಿದರು. ಕಾಫಿ ಲೋಟ ಕೆಳಗಿಟ್ಟು ಎದ್ದೆ. ಆ ಇಂಜಿನ್ನಿನ ಹಣೆಬರಹವೇ ಅಷ್ಟು, ಎಲ್ಲರಿಗೂ ಮುಂದೆ ಮಾರಲು ಬೇಕು, ಓಡಿಸುವವನು ಯಾರಿಗೂ ಬೇಡ.

ಅವರ ಡ್ರೈವರ್ ಗೇಟಿನ ಹತ್ತಿರ ಲಾರಿ ಗಾಜು ಒರೆಸುತ್ತಿದ್ದ. ಅಲ್ಲಿನ ಉಕ್ಕಿನ ಕಾರ್ಖಾನೆ ಕಡೆಯ ತಮಿಳಿನವನು, ನಡುವಯಸ್ಸು. ಒಳಗಿನ ಮಾತು ಅವನ ಕಿವಿಗೆ ಬಿದ್ದಿತ್ತು. ನಾನು ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಹಿಂದೆಯೇ ಬಂದ.

"ಅಕ್ಕಾ, ಅದು ಘಾಟಿಯಲ್ಲಿ ಬಿದ್ರೆ ಏನಾಗುತ್ತೆ?" ಅಂತ ಕೇಳಿದ. ಹೇಳಿದೆ. "ಬದುಕಿದ್ರೆ ನಾನೇ ಆಯಿಲ್ ನೋಡಿಲ್ಲ ಅಂತಾರೆ, ಅಲ್ವಾ?" ಅಂದ.

ಅಷ್ಟು ಓದಿದ ನಮ್ಮಣ್ಣನಿಗೆ ತಿಂಗಳುಗಟ್ಟಲೆ ಹೇಳಿದರೂ ತಲೆಗೆ ಹತ್ತದೇ ಹೋದದ್ದು ಅವನಿಗೆ ನಿಂತಲ್ಲೇ ಹತ್ತಿತು. ಹತ್ತದೇ ಏನು, ಸೀಟಿನಲ್ಲಿ ಕೂರುವವನು ಅವನು.

ಓನರ್ ಒಂದು ಮದುವೆಗೆ ಅಂತ ಪರವೂರಿಗೆ ಹೋದ ಭಾನುವಾರ ಅವನು ಲಾರಿಯನ್ನು ಮಾಚೇನಹಳ್ಳಿಗೆ ತಂದ. ಬಂದವನೇ ಮೂರೂ ಜನರ ಮುಂದೆ, ನನ್ನ, ಇವರ, ಭಾಯಿಯ ಮುಂದೆ ಕೈ ಮುಗಿದ. "ಓನರಿಗೆ ಗೊತ್ತಾದ್ರೆ ನನ್ನ ಅನ್ನಕ್ಕೆ ಮಣ್ಣು ಬೀಳುತ್ತೆ. ಕೇಳದೆ ಇಂಜಿನ್ ಬಿಚ್ಚಿದವನನ್ನ ಆಮೇಲೆ ಯಾರೂ ಇಟ್ಕೊಳ್ಳಲ್ಲ" ಅಂದ. ಯಾರಿಗೂ ಹೇಳುವುದಿಲ್ಲ ಅಂತ ಮೂವರೂ ಮಾತು ಕೊಟ್ಟೆವು. ಮೊದಲು ಕೊಟ್ಟವರು ಇವರು.

ಶೆಡ್ಡಿನ ಬಾಗಿಲಿಗೆ ಟಾರ್ಪಾಲ್ ಇಳಿಬಿಟ್ಟೆ. ಭಾಯ್ ಫ್ಯಾನು, ಬೆಲ್ಟು, ಪುಲ್ಲಿ ಒಂದೊಂದೇ ಬಿಚ್ಚಿ ಸಾಲಾಗಿ ಇಟ್ಟ. ಬಿಚ್ಚುವಾಗ ಬೋಲ್ಟ್ ಜಾರಿ ಒಳಗೆ ಬಿದ್ದರೆ ಪಿನ್ನಿನ ಕೆಲಸವನ್ನು ನಾವೇ ಮಾಡಿದ ಹಾಗೆ ಅಂತ, ಕವರ್ ಹೊರಬಂದ ತಕ್ಷಣ ಚಕ್ರಗಳ ಕೆಳಗಿನ ಸಂದಿಗಳಿಗೆಲ್ಲ ಕ್ಯಾನ್ವಾಸಿನ ತುಂಡು ತುರುಕಲು ನನ್ನನ್ನು ಕೂಗಿದ. ತುರುಕುವಾಗ ನಾನೇ ಮೊದಲು ನೋಡಿದ್ದು. ಆ ಪಿನ್ನು ತೂತಿನಿಂದ ಹೊರಗೆ ಬಂದಿತ್ತು. ಇನ್ನು ಸ್ವಲ್ಪ ಬಂದಿದ್ದರೆ ಚಕ್ರದ ಹಲ್ಲಿಗೆ ತಾಗುತ್ತಿತ್ತು. ಡ್ರೈವರ್ ಒಂದು ಬೆರಳು ಇಟ್ಟ, ಅದು ಸಲೀಸಾಗಿ ತಿರುಗಿತು. ಅವನು ಕೈ ಹಿಂದಕ್ಕೆ ತಗೊಂಡು ಮೂಲೆಯಲ್ಲಿದ್ದ ಸ್ಟೂಲಿನ ಮೇಲೆ ಕೂತ. ಹಿಂದಿನ ದಿನವಷ್ಟೇ ಅವನು ಲೋಡು ಹಾಕಿಕೊಂಡು ಅದೇ ಘಾಟಿ ಇಳಿದು ಹತ್ತಿ ಬಂದಿದ್ದ.

ಭಾಯ್ ಪಿನ್ನನ್ನು ಒಳಗೆ ತಟ್ಟಿದ. ಒಂದು ಕಬ್ಬಿಣದ ಪಟ್ಟಿ ಕತ್ತರಿಸಿ, ತೂತು ಹಾಕಿ, ಪಕ್ಕದ ಬೋಲ್ಟಿನ ಕೆಳಗೆ ಕೊಟ್ಟು, ಬೋಲ್ಟು ಸಡಿಲಾಗದ ಅಂಟು ಹಚ್ಚಿ ಬಿಗಿದ. ಪಟ್ಟಿ ಪಿನ್ನಿನ ಬಾಯಿಗೆ ಅಡ್ಡ ಕೂತಿತು. ಅಷ್ಟೇ. ಎರಡು ಬೆರಳಗಲದ ಪಟ್ಟಿ.

ನನಗೆ ಇವತ್ತಿಗೂ ತಡೆಯಲಾಗದ್ದು ಅದರ ನಂತರದ ಕೆಲಸ. ಕವರ್ ಮುಚ್ಚಿದ ಮೇಲೆ ಬಿಚ್ಚಿದ ಗುರುತೆಲ್ಲ ಅಳಿಸಬೇಕಲ್ಲ. ಗಮ್ ಕಂಡರೆ ಸಿಕ್ಕಿಬೀಳುತ್ತೀವಿ ಅಂತ ಭಾಯ್ ಕವರಿನ ಸಂದಿಗೆ ಗಮ್ ಬದಲು ಕಾಗದದ ಪ್ಯಾಕಿಂಗೇ ಹಾಕಿದ, ಅಂಚನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟ. ಇವರು ಬಣ್ಣ ಕಲಸಿ, ಹಳೇ ಇಂಜಿನ್ನಿನ ಬೂದಿ ಬಣ್ಣವೇ ಬರುವ ಹಾಗೆ, ಒಂದೊಂದೇ ಬೋಲ್ಟಿನ ತಲೆಗೆ ಹಚ್ಚಿದರು. ನಾನು ರಸ್ತೆ ಬದಿಯ ಧೂಳು ಬಾಚಿ ತಂದು ಜರಡಿ ಹಿಡಿದು ಕೊಟ್ಟೆ. ಸುಟ್ಟ ಆಯಿಲ್ಲಿನಲ್ಲಿ ಅದನ್ನು ಕಲಸಿ ಮುಂಭಾಗಕ್ಕೆಲ್ಲ ಬಳಿದೆವು. ನಾಲ್ಕು ಜನ ದೊಡ್ಡವರು, ಒಬ್ಬ ಮನುಷ್ಯನ ಪ್ರಾಣ ಉಳಿಸಿ, ಅದನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟೆವು. ಊರಿನವರ ತಲೆ ಎಷ್ಟು ಕೆಟ್ಟಿರಬೇಕು ಅಂತ ಯೋಚಿಸಿ.

ಆಮೇಲೆ ಅಣ್ಣನ ಮೊಮ್ಮಗನ ನಾಮಕರಣ ಬಂತು. ನನಗೆ ಹೋಗುವ ಮನಸ್ಸಿರಲಿಲ್ಲ. ಇವರೇ, "ಹೋಗೋಣ, ಶಿವಮೊಗ್ಗದ ಒಬ್ಬರು ಟ್ರಾನ್ಸ್‌ಪೋರ್ಟಿನವರೂ ಬರ್ತಾರಂತೆ. ಅವರ ಹತ್ರ ಹೊಸ ಗಾಡಿ ಬಂದಿದೆ, ಡ್ರೈವರ್ ಹುಡುಕ್ತಿದಾರೆ" ಅಂದರು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು. ಎಷ್ಟು ದಿನದ ಮೇಲೆ ಅವರು ಕನ್ನಡಿ ಮುಂದೆ ನಿಂತದ್ದು ಅಂತ ನನಗೆ ಗೊತ್ತು.

ಊಟಕ್ಕೆ ಸಾಲು ಕೂತಿತ್ತು. ಇವರು, ಪಕ್ಕದಲ್ಲಿ ಟ್ರಾನ್ಸ್‌ಪೋರ್ಟಿನವರು, ಅವರ ಆಚೆ ಭದ್ರಾವತಿಯ ಆ ಲಾರಿ ಕೊಂಡವರು. ನಾನು ಹೋಳಿಗೆ ಬಡಿಸುತ್ತಿದ್ದೆ. ಟ್ರಾನ್ಸ್‌ಪೋರ್ಟಿನವರು ಅಣ್ಣನನ್ನು ಮೆಲ್ಲಗೆ ಕೇಳಿದರು, ನಿಮ್ಮ ಭಾವನವರನ್ನ ನಂಬಿ ಹೊಸ ಗಾಡಿ ಕೊಡಬಹುದಾ ಅಂತ. ಅಣ್ಣ ಮೆಲ್ಲಗೆ ಮಾತಾಡುವವನಲ್ಲ.

"ನಾನೇನು ಹೇಳ್ಲಿ, ನೀವೇ ಲೆಕ್ಕ ಹಾಕಿ. ಒಂದೇ ಮಾಡೆಲ್ ಎರಡು ಗಾಡಿ ಇಟ್ಟಿದ್ದೆ. ಒಂದನ್ನ ಈ ಭದ್ರಾವತಿಯವರಿಗೆ ಮಾರಿದೆ. ಕೇಳಿ, ಹೇಗೆ ಓಡ್ತಿದೆ?"

"ಗುಂಡಿನ ಹಾಗಿದೆ. ಇವತ್ತಿಗೂ ಒಂದು ಸ್ಪ್ಯಾನರ್ ಮುಟ್ಟಿಲ್ಲ" ಅಂದರು ಭದ್ರಾವತಿಯವರು.

"ನೋಡಿ. ಇನ್ನೊಂದು ನಮ್ಮ ತಂಗಿ ಗಂಡನ ಕೈಲಿತ್ತು. ಅದೇ ಇಂಜಿನ್. ಅದು ಗುಜರಿಗೆ ಹೋಯ್ತು. ಇಂಜಿನ್ ತಪ್ಪಾ, ಕೈ ತಪ್ಪಾ?"

ಸಾಲಿನಲ್ಲಿ ಒಂದಿಬ್ಬರು ತಲೆ ಆಡಿಸಿದರು. ಆ ಗಾಡಿ ಗುಂಡಿನ ಹಾಗಿರುವುದೇ ನನ್ನ ಗಂಡ ಬೋಲ್ಟಿಗೆ ಬಣ್ಣ ಬಳಿದ ಕೈಯಿಂದ. ಅದೇ ಗಾಡಿಯನ್ನು ತೋರಿಸಿ ಅದೇ ಮನುಷ್ಯನನ್ನು ಎಲೆ ಮುಂದೆ ಕೂರಿಸಿ ಅವಮಾನ ಮಾಡುತ್ತಿದ್ದಾನೆ. ನಾನು ಹೋಳಿಗೆ ತಟ್ಟೆಯನ್ನು ಕೆಳಗಿಟ್ಟೆ. ಇವತ್ತು ಹೇಳಿಯೇ ಬಿಡುತ್ತೀನಿ ಅಂತ ಸೆರಗು ಸಿಕ್ಕಿಸಿ ನಿಂತೆ. "ಅಣ್ಣಾ" ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು, ಆ ಡ್ರೈವರಿನ ಓನರ್ ಭದ್ರಾವತಿಯವರೂ ತಿರುಗಿದರು.

ಇವರು ನನ್ನ ಮುಖ ನೋಡಿದರು. ನಾನು ಇನ್ನೊಂದು ಮಾತಾಡುವ ಮೊದಲೇ, "ಹೌದು ಭಾವ. ಆವತ್ತು ನಾನೇ ಆಯಿಲ್ ನೋಡಿರಲಿಲ್ಲ" ಅಂದರು.

ಟ್ರಾನ್ಸ್‌ಪೋರ್ಟಿನವರು ಕೈ ಚಾಚಿ ನೀರಿನ ಲೋಟ ತಗೊಂಡರು. ಹೊಸ ಗಾಡಿಯ ಮಾತು ಅಲ್ಲಿಗೆ ಮುಗಿಯಿತು.

ಅಣ್ಣನ ಮುಖದಲ್ಲಿ ಎಷ್ಟು ದೊಡ್ಡತನ ಬಂತು ಅಂತೀರಿ. ಅವನು ಎದ್ದು ಬಂದು ಇವರ ಬೆನ್ನು ತಟ್ಟಿ, "ಹೋಗ್ಲಿ ಬಿಡಿ, ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ. ನಾನು ಯಾವತ್ತೋ ಮರ್ತಿದೀನಿ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಭಾವನಿಗೆ ಇನ್ನೊಂದು ಹೋಳಿಗೆ ಹಾಕಮ್ಮ" ಅಂದ.

ನಾನು ತಟ್ಟೆ ಎತ್ತಿಕೊಂಡು, ಹಾಕಿದೆ.